ಹಸಿರು ಚುಕ್ಕಿಯ ಗುಳಿಗೆ

ಎಲ್ಲದಕ್ಕೂ ಮೂಲ ಒಂದು ತೇಗು. ಇಳಕಲ್ಲಿನ ಸೀರೆ ಅಂಗಡಿಯ ಗುಮಾಸ್ತ ವಿಜಯಮಹಾಂತೇಶ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕಟ್ಟೆಯ ಮೇಲೆ ಕುಳಿತು ಸಾವಕಾಶವಾಗಿ ತೇಗಿದ. ತಲೆಮಾರುಗಳಿಂದ ಮೊಟ್ಟೆಯ ಚಿಪ್ಪನ್ನೂ ಕಾಣದ ಓಣಿಯಲ್ಲಿ ಮೀನಿನ ವಾಸನೆ ಹಬ್ಬಿತು.

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ಶಿವಲಿಂಗವ್ವ ಕೈ ನಿಲ್ಲಿಸಿದಳು. "ಯಾರ ಮನ್ಯಾಗ ಮೀನ ಕುದ್ಯಾಕತ್ತೇತಿ?"

ವಿಜಯಮಹಾಂತೇಶನ ಎದೆ ಧಸಕ್ಕೆಂದಿತು. ಅವನ ತೊಂದರೆಯೇ ಎದೆಯದು. ಓಣಿಯವರು ಪ್ರತಿವರ್ಷ ಕೂಡಲಸಂಗಮಕ್ಕೆ ಪಾದಯಾತ್ರೆ ಹೋಗುತ್ತಾರೆ. ಮುಂದೆ ಧ್ವಜ ಹಿಡಿಯುವವನು ಗಟ್ಟಿಗನೂ ಇರಬೇಕು, ಆಚಾರವಂತನೂ ಇರಬೇಕು. ಹೋದ ವರ್ಷ ಧ್ವಜ ಇವನ ಕೈಯಲ್ಲಿತ್ತು. ಹುನಗುಂದ ಬರುವಷ್ಟರಲ್ಲಿ ಪಂಕ್ಚರಾದ ಟ್ರ್ಯಾಕ್ಟರಿನಂತೆ ರಸ್ತೆ ಬದಿಗೆ ವಾಲಿದ. ಧ್ವಜವನ್ನು ಸಂಗಮಕ್ಕೆ ಮುಟ್ಟಿಸಿದವನು ಎದುರು ಮನೆಯ ನೇಕಾರ ಕಲ್ಲಪ್ಪ.

ದವಾಖಾನೆಯ ಡಾಕ್ಟರು ದಿನಾ ನಡೆಯಿರಿ, ಕರಿದದ್ದು ಬಿಡಿ, ಗುಳಿಗೆ ಏನೂ ಬೇಡ ಎಂದಿದ್ದರು. ಅಷ್ಟು ಸುಲಭದ ಮಾತನ್ನು ಯಾರು ನಂಬುತ್ತಾರೆ? ಜಿಮ್ ನಡೆಸುವ ಅಕ್ಕನ ಮಗ ದುಂಡೇಶ ಬಂಗಾರ ಬಣ್ಣದ ಒಮೆಗಾ ಗುಳಿಗೆಗಳ ಡಬ್ಬಿ ಕೊಟ್ಟು, ಎದೆ ಬೋರ್‌ವೆಲ್ ಮೋಟರಿನ ಹಾಗೆ ಹೊಡೆಯುತ್ತದೆ ಎಂದಿದ್ದ. ಅದನ್ನು ನಂಬಿ ಬೆಳಿಗ್ಗೆ ಮೊದಲ ಗುಳಿಗೆ ನುಂಗಿದ್ದ. ಈ ವರ್ಷದ ಧ್ವಜ ಯಾರಿಗೆಂದು ಓಣಿಯ ಹಿರಿಯಳಾದ ಶಿವಲಿಂಗವ್ವ ಇಂದೇ ಹೇಳುವವಳಿದ್ದಳು.

ಅವನು ಹಿತ್ತಲಿಗೆ ಹೋಗಿ ದುಂಡೇಶನಿಗೆ ಫೋನು ಮಾಡಿದ.

"ಒಮೆಗಾ ಅಂದ್ರ ಮೀನೆಣ್ಣಿನ, ಮಾವಾ," ಎಂದ ದುಂಡೇಶ. "ಮೊದಲ ಹೇಳಿದ್ರ ನೀ ನುಂಗ್ತಿದ್ದೇನು?"

ಡಬ್ಬಿಯನ್ನು ತಿಪ್ಪೆಗೆ ಎಸೆಯಲು ಕೈ ಎತ್ತಿದ. ಅಷ್ಟರಲ್ಲಿ ಹುನಗುಂದದ ರಸ್ತೆ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ, ಬಸವಣ್ಣನ ಕ್ಷಮೆ ಕೇಳಿ, ಇನ್ನೊಂದು ನುಂಗಿದ.

ಹೊರಗೆ ಬರುವಷ್ಟರಲ್ಲಿ ಓಣಿಯ ಹೆಂಗಸರು ಮನೆಮನೆಯ ಅಡಿಗೆಮನೆ ನೋಡುವುದೆಂದು ಠರಾವು ಮಾಡಿದ್ದರು. ಮುಂದಾಳು ಆಚಾರವಂತನಿರಬೇಕಲ್ಲ, ಇವನನ್ನೇ ಆರಿಸಿದ್ದರು. ಪಾಪ, ಅವನು ತುಟಿ ಬಿಗಿಹಿಡಿದೇ ಹೊರಟ. ಆದರೆ ಮನೆಗೆ ಬಂದವರಿಗೆ ಮಜ್ಜಿಗೆ ಕೊಡದೆ ಕಳಿಸುವ ಪದ್ಧತಿ ಆ ಓಣಿಯಲ್ಲಿಲ್ಲ, ಮಜ್ಜಿಗೆ ಕುಡಿದು ತೇಗದ ಗಂಡಸೂ ಇಲ್ಲ. ಹೋದ ಹೋದ ಮನೆಯಲ್ಲೆಲ್ಲ ವಾಸನೆ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಶುದ್ಧವಾದ ಮನೆಯೇ ಉಳಿಯಲಿಲ್ಲ. ಪಕ್ಕದ ಮನೆಯ ಸತ್ಯವ್ವ ಅಳುತ್ತ, ಇದ್ದಬದ್ದ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕುಳಿತಳು.

ಕೊನೆಗೆ ಕಲ್ಲಪ್ಪನ ಮನೆ. ಅಲ್ಲಿಯ ವಾಸನೆಗೆ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡರು. ಧ್ವಜ ಹಿಡಿದವನ ಮನೆಯಲ್ಲೇ ಹೀಗೆ ಎಂದು ಗುಸುಗುಸು ಎದ್ದಿತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಕಲ್ಲಪ್ಪ ಏಳಲೇ ಇಲ್ಲ. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಸುಮ್ಮನಿದ್ದರೆ ಧ್ವಜ ವಿಜಯಮಹಾಂತೇಶನದೇ. ಅವನಿಗೆ ಸುಮ್ಮನಿರಲಾಗಲಿಲ್ಲ.

"ಅವನ್ನ ಬಿಡ್ರಿ. ವಾಸನಿ ನಂದು."

ಸಾಕ್ಷಿಗೆ ಒಮ್ಮೆ ತೇಗಿದ. ಬೇರೆ ಸಾಕ್ಷಿಯನ್ನು ಯಾರೂ ಕೇಳಲಿಲ್ಲ. ದುಂಡೇಶ ಹೇಳಿದ್ದನ್ನೂ ಹೇಳಿ ಡಬ್ಬಿ ಮುಂದಿಟ್ಟ.

ಕಲ್ಲಪ್ಪನ ಸೊಸೆ ವಿದ್ಯಾ ದವಾಖಾನೆಯಲ್ಲಿ ನರ್ಸು. ಡಬ್ಬಿಯನ್ನು ತಿರುಗಿಸಿ ಓದಿದಳು. "ಕಾಕಾ, ಹಸರ ಚುಕ್ಕಿ ಐತಿ ನೋಡ್ರಿ. ಇದು ಮೀನಲ್ಲ, ಅಗಸಿ ಎಣ್ಣಿ. ತಾರೀಖ ಮುಗದು ವರ್ಷಾತು. ಹಳಸಿದ್ರ ಹಿಂಗ ನಾರತೈತಿ."

ಶಿವಲಿಂಗವ್ವ ಮಗನನ್ನೇ ನೋಡಿದಳು. ದಿನವೂ ಅವನ ತಾಟಿಗೆ ಅವಳು ಹಾಕುತ್ತಿದ್ದ, ದಿನವೂ ಅವನು ಬದಿಗೆ ಸರಿಸುತ್ತಿದ್ದ ಚಟ್ನಿ ಅದೇ ಅಗಸಿಯದು.

ವಿಜಯಮಹಾಂತೇಶನ ಬೆನ್ನು ನೆಟ್ಟಗಾಯಿತು. "ಅಂದ್ರ ನಾ ಶುದ್ಧ ಅದೇನಿ. ಧ್ವಜ ನನಗ ಕೊಡು, ಯವ್ವಾ."

"ಮೀನೆಣ್ಣಿ ಅಂತ ದುಂಡ್ಯಾ ಹೇಳಿದ ಮ್ಯಾಲ ನುಂಗಿದ್ಯೋ, ಇಲ್ಲೋ?"

ಅವನು ತೊಲೆ ನೋಡತೊಡಗಿದ.

"ಗೊತ್ತಿಲ್ದ ತಿಂದ್ರ ಪಾಪಿಲ್ಲ ತಮ್ಮಾ. ನೀ ಗೊತ್ತಿದ್ದು ನುಂಗಿದಿ. ಹೊಟ್ಟ್ಯಾಗ ಅಗಸಿ ಇದ್ರೇನು, ಮನಸಿನ್ಯಾಗ ಮೀನ ಈಸ್ಯಾಡತಿತ್ತು."

ಧ್ವಜ ಕಲ್ಲಪ್ಪನಿಗೆ ಹೋಯಿತು. ಯಾತ್ರೆಯ ಮಂದಿಗೆಲ್ಲ ಸಾಲುವ ಅಗಸಿ ಚಟ್ನಿಯ ಗಡಿಗೆ ಹೊರುವ ಕೆಲಸ ವಿಜಯಮಹಾಂತೇಶನಿಗೆ ಬಂತು.

ಸಂಜೆ ಕಲ್ಲಪ್ಪ ಧ್ವಜ ಹೆಗಲಿಗೇರಿಸಿಕೊಂಡೇ ಬಂದು ಕಟ್ಟೆಯ ಮೇಲೆ ಕುಳಿತ. ಭಾಳ ಉಪಕಾರ ಮಾಡಿದೆ ಎಂದ. ಆಮೇಲೆ ಅತ್ತಿತ್ತ ನೋಡಿ ಧೋತರದ ಮಡಿಕೆಯಿಂದ ಅಂಥದ್ದೇ ಒಂದು ಡಬ್ಬಿ ತೆಗೆದ.

"ದುಂಡೇಶ ನನಗೂ ಹೋದ ವರ್ಷನ ಕೊಟ್ಟಾನೋ. ಗುಳಿಗಿ ನುಂಗಿ ಧ್ವಜ ಹಿಡದಾನಂತ ಮಂದಿ ನಗತಾರಂತ ಮಗ್ಗದ ಕುಣ್ಯಾಗ ಬಚ್ಚಿಟ್ಟಿದ್ದೆ. ನೀವೆಲ್ಲ ವಾಸನಿ ಹುಡುಕ್ಕೋತ ಬಂದಾಗ ನನ್ನ ಜೀವಾನ ಹೋಗಿತ್ತು. ಇದೂ ಅಗಸೀದ ಅಲ್ಲೇನು? ನಿಂದ್ರಾಗ ಹಸರ ಚುಕ್ಕಿ ಐತಿ, ಇದ್ರಾಗ ಕೆಂಪ ಐತಿ. ಹಂಗಂದ್ರೇನು?"

ವಿಜಯಮಹಾಂತೇಶ ಡಬ್ಬಿ ನೋಡಿದ, ಧ್ವಜ ನೋಡಿದ, ಒಳಗೆ ಚಟ್ನಿ ಕುಟ್ಟುತ್ತಿದ್ದ ತಾಯಿಯನ್ನು ನೋಡಿದ. ಇವನು ಬಾಯಿ ತೆರೆಯುವವರೆಗೆ ಕಲ್ಲಪ್ಪ ಶುದ್ಧ.

"ಬಣ್ಣ ಬ್ಯಾರೆ, ಅಷ್ಟ," ಎಂದ. "ಇನ್ನ ಅದನ್ನ ಬಿಟ್ಟಬಿಡು ಕಲ್ಲಪ್ಪ. ಅಗಸಿ ನಾ ಹೊತ್ಕೊಂಡು ಬರ್ತೇನಿ."