ಮೂವರು ರಾಣಿಯರ ಉಡಿ

ನೂಲಿಗೆ ಹಚ್ಚುವ ಗಂಜಿ ಮೊದಲ ಮಳೆಯ ತಂಪಿಗೆ ಹುಳಿತು ಬೀರುವ ವಾಸನೆ ಮೂಗಿಗೆ ಬಡಿದರೆ ಸಾಕು, ಬನಹಟ್ಟಿಯ ವಿಜ್ಞಾನ ಮಾಸ್ತರ ಮಲ್ಲಿನಾಥ ಮತ್ತೆ ಚಿಕ್ಕ ಹುಡುಗನಾಗುತ್ತಿದ್ದ. ಆ ವಾಸನೆಯ ಬೆನ್ನಿಗೇ ಮಗ್ಗದ ಮನೆಯ ಗೋಡೆಯಿಂದ ರೆಕ್ಕೆಯ ಇರುವೆಗಳು ಏಳುತ್ತಿದ್ದವು.

ಇಂದು ನಸುಕಿನಲ್ಲೂ ಎದ್ದವು. ನಾಳೆ ಜಮಖಂಡಿಯಲ್ಲಿ ವಿಜ್ಞಾನ ಪ್ರದರ್ಶನ. ಮೂರು ಜಾತಿಯ ಇರುವೆ ರಾಣಿಯರನ್ನು ಜೀವಂತ ತೋರಿಸುತ್ತೇನೆಂದು ಆತ ಶಾಲೆಯಲ್ಲೆಲ್ಲ ಸಾರಿಬಿಟ್ಟಿದ್ದ. ತಪ್ಪಿದರೆ ಗಣಿತದ ಮಾಸ್ತರ ಅರುಣ ವರ್ಷವಿಡೀ ಆಡಿಕೊಳ್ಳುವವನೇ.

ಕಳೆದ ಮೂಗುತಿ ಹುಡುಕುವವನಂತೆ ಮಲ್ಲಿನಾಥ ಓಣಿಯಲ್ಲಿ ಮೊಣಕಾಲೂರಿ ತಡಕಾಡಿದ. ದೀಪದ ಕಂಬದ ಬುಡದಲ್ಲಿ ದಪ್ಪನೆಯ ಕರಿ ಗೊದ್ದದ ರಾಣಿ, ಗಂಜಿಯ ಬಾನಿಯ ಪಕ್ಕ ಕೆಂಪಿರುವೆಯ ರಾಣಿ, ನೀರಿನ ತೊಟ್ಟಿಯ ಬಳಿ ಕಂದು ಬಣ್ಣದ ಸಣ್ಣ ರಾಣಿ ಸಿಕ್ಕರು. ಒಬ್ಬೊಬ್ಬರಿಗೂ ಒಂದೊಂದು ಶೀಶೆ, ಒಳಗೆ ಒದ್ದೆ ಹತ್ತಿ.

ಪಕ್ಕದ ಮನೆಯ ತಂಗೆವ್ವ ಇಣುಕಿದಳು. ಹೆಂಡತಿ ಅಕ್ಷತಾ ಹೆರಿಗೆಗೆ ತವರಿಗೆ ಹೋದಾಗಿನಿಂದ ಆತನ ಊಟ ಆಕೆಯ ಮನೆಯದೇ.

"ಏನಲೇ ಮಲ್ಲೂ, ಇರವಿ ಉಪ್ಪಿನಕಾಯಿ ಹಾಕಾಕತ್ತೀ ಏನು?"

"ಇವರು ರಾಣಿಗೋಳು, ಆಯಿ! ನಸುಕಿನ್ಯಾಗ ಮುಗಲಾಗ ಲಗ್ನ ಆಗೇತಿ. ರೆಕ್ಕಿ ಉದರಸ್ಯಾರ. ಇನ್ನ ತತ್ತಿ ಇಟ್ಟು ಮೊದಲಿನ ಮಕ್ಕಳನ್ನ ಬೆಳಸೂತನಕ ಏನೂ ತಿನ್ನಂಗಿಲ್ಲ," ಎಂದು ಆತ ಹೆಣ್ಣಿನ ತಂದೆಯ ಹಾಗೆ ಎದೆಯುಬ್ಬಿಸಿದ.

"ಅಯ್ಯ ಶಿವನ! ಉಪಾಸ?"

"ಅದ ಅವರ ದೊಡ್ಡಸ್ತಿಕಿ!" ಎಂದವನೇ ಶಾಲೆಗೆ ಹೋದ.

ಸಂಜೆ ಬಂದು ನೋಡಿದರೆ ಶೀಶೆಗಳು ಬರಿದು. ಕಟ್ಟೆಯ ಮೇಲೆ ಹಿತ್ತಾಳೆಯ ತಾಟು; ಅದರಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಷಿಣ, ಕುಂಕುಮ.

"ಆಯೀ! ನನ್ನ ರಾಣಿಗೋಳು?"

"ಉಡಿ ತುಂಬಿದ್ವೆಪ್ಪ," ಎಂದಳು ತಂಗೆವ್ವ ತೃಪ್ತಿಯಿಂದ. "ಹೊಸ ಮದಲಗಿತ್ತ್ಯಾರು, ಬರೇ ಉಡೀಲೆ ಹೆಂಗ ಕಳಸೂದು? ತಾಟಿನ್ಯಾಗ ಕುಂದರಿಸಿದ್ವಿ. ಆರತಿ ಹಾಡು ಮುಗಿಯೂದ್ರಾಗ ಮೂವರೂ ಹೊಂಟ ಹ್ವಾದ್ರು."

"ಎಲ್ಲಿಗಿ?"

ಎದುರು ಮನೆಯ ರತ್ನಾಬಾಯಿ ತಂಗೆವ್ವನ ಗೋಡೆಯ ಸಂದು ತೋರಿಸಿದಳು. "ದೊಡ್ಡಾಕಿ ಇಲ್ಲಿ ಹೊಕ್ಕಾಳ. ಉಳದಾಕ್ಯಾರು ನಾಚಗೊಂಡು ಎಲ್ಲಿ ಅಡಗ್ಯಾರೋ ಏನೋ!"

ಪ್ರದರ್ಶನಕ್ಕೆ ಒಬ್ಬಳಾದರೂ ಸಿಗಲಿ ಎಂದು ಮಲ್ಲಿನಾಥ ಗೋಡೆ ಕೆದರಲು ಸ್ಕ್ರೂಡ್ರೈವರ್ ತಂದ. ತಂಗೆವ್ವ ಸಂದಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ತತ್ತಿ ಇಡ್ತಾಳ ಅಂತ ನೀನ ಹೇಳೀದಿ. ಬಸರಿ ಹೆಂಗಸಿನ ಗ್ವಾಡಿ ಕೆಡವತೀ ಏನಲೇ? ಅಕ್ಷತಾನ ಖೋಲಿ ಗ್ವಾಡಿಗಿ ಯಾರರ ಹಿಂಗ ಮಾಡಿದ್ರ ಸುಮ್ಕಿರ್ತಿದ್ದೇನು?"

ಮಲ್ಲಿನಾಥನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಅರುಣನ ಮೋಟಾರ್‌ಸೈಕಲ್ ಬಂತು.

"ಏನ್ರೀ ಮಾಸ್ತರ, ರಾಣಿ ತಯಾರಾಗ್ಯಾರೇನು?"

ಮಲ್ಲಿನಾಥ ಬಾಯಿ ತೆರೆಯುವ ಮೊದಲೇ ರತ್ನಾಬಾಯಿ ಸೆರಗು ಬಿಗಿದು ಮುಂದೆ ಬಂದಳು. "ನಮ್ಮ ಓಣಿ ರಾಣಿ ಎಲ್ಲೂ ಬರಂಗಿಲ್ರಿ. ನೋಡೂ ಹೌಸು ಇದ್ರ ಜಮಖಂಡಿಯವರ ಇಲ್ಲಿಗಿ ಬರಲಿ!"

ಅರುಣ ನಕ್ಕ ನಗೆ ಮಗ್ಗಗಳ ಸದ್ದನ್ನೂ ಮೀರಿತು.

ದೀಪ ಹಚ್ಚುವ ಹೊತ್ತಿಗೆ ತಂಗೆವ್ವ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಝುಣಕ. ಅಂಚಿಗೆ ಎಲೆಯ ಚೂರಿನ ಮೇಲೆ ಒಂದು ಚಿಟಿಕೆ ಸಕ್ಕರೆ. ಅದು ಯಾರಿಗೆಂದು ಕಣ್ಣಲ್ಲೇ ಗೋಡೆಯತ್ತ ತೋರಿಸಿದಳು. ರಾಣಿ ಏನೂ ತಿನ್ನುವುದಿಲ್ಲವೆಂದು ಬೆಳಗ್ಗೆ ಎದೆಯುಬ್ಬಿಸಿದ್ದ ವಿಜ್ಞಾನ ಮಾಸ್ತರ ತನ್ನ ರೊಟ್ಟಿ ಮುರಿಯುವ ಮುಂಚೆ ಎದ್ದು, ಸಪ್ಪಳವಿಲ್ಲದೆ ಆ ಸಕ್ಕರೆಯನ್ನು ಸಂದಿನ ಬಾಯಿಗಿಟ್ಟ.