ಟ್ರ್ಯಾಕ್ಟರಿನ ಹಣೆಗೆ ವಿಭೂತಿ

ಥೇಟ್ ಅಪ್ಪನ ಹಾಗೇ ಇದ್ದಾನೆ ಎಂದು ನಾಲ್ಕು ಜನ ಹೇಳಲಿ ಎಂಬ ಆಸೆ ಯಾವ ಮಗನಿಗಿಲ್ಲ? ನನಗಂತೂ ಅದು ಚಟವೇ ಆಗಿಬಿಟ್ಟಿದೆ. ಅಪ್ಪನ ಹಾಗೆ ಎರಡು ಸಲ ಕೆಮ್ಮಿಯೇ ಮನೆಯೊಳಗೆ ಕಾಲಿಡುತ್ತೇನೆ. ಊಟದ ತಾಟಿನ ಮುಂದೆ ಕೂತ ಅಪ್ಪ ಒಂದು ನಿಮಿಷ ಕಣ್ಣು ಮುಚ್ಚುತ್ತಿದ್ದ, ನಾನೂ ಮುಚ್ಚುತ್ತೇನೆ. ಆ ನಿಮಿಷದಲ್ಲಿ ಏನು ನೆನೆಯಬೇಕೆಂದು ಗೊತ್ತಿಲ್ಲದ ಕಾರಣ ಇವತ್ತಿನ ಪಲ್ಯ ಯಾವುದಿರಬಹುದು ಎಂದು ಯೋಚಿಸುತ್ತಿರುತ್ತೇನೆ. ಆದರೆ ಅಪ್ಪನಿಗೆ ಬರುತ್ತಿದ್ದ ಕೆಲಸಗಳಲ್ಲಿ ನನಗೆ ಯಾವುದು ಬರುತ್ತದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಈ ಮಾತನ್ನು ಮುಂದೆ ನೀವು ನನ್ನ ಮೇಲೇ ತಿರುಗಿಸುತ್ತೀರಿ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಅಪ್ಪ ಬಿಟ್ಟುಹೋದ ಟ್ರ್ಯಾಕ್ಟರ್ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅದರ ಮೊದಲ ಬಣ್ಣ ಕೆಂಪೋ ನೀಲಿಯೋ ಎಂಬುದರ ಬಗ್ಗೆ ಮನೆಯಲ್ಲಿ ಇನ್ನೂ ಜಗಳವಿದೆ. ಬಾನೆಟ್ಟಿನ ಮೇಲೆ ನಟ್ಟನಡುವೆ, ಹಣೆಯ ಜಾಗದಲ್ಲಿ, ಡೀಸೆಲ್ ಟ್ಯಾಂಕಿನ ದುಂಡನೆಯ ಮುಚ್ಚಳ. ಅಪ್ಪ ದಿನಾ ಬೆಳಿಗ್ಗೆ ಹೆಗಲ ಮೇಲಿನ ಟವೆಲಿನಿಂದ ಆ ಮುಚ್ಚಳ ಒರೆಸಿ, ಬಾಗಿ, ತುಟಿ ಹತ್ತಿರ ಒಯ್ದು ಉಫ್ ಎಂದು ಊದಿದ ಮೇಲೆಯೇ ಗಾಡಿ ಚಾಲೂ ಮಾಡುತ್ತಿದ್ದ. ದೂರ ನಿಂತು ನೋಡುತ್ತಿದ್ದ ನನಗೆ ಅದು ಯಾವುದೋ ಮಂತ್ರ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಏನದು ಎಂದು ಕೇಳುವ ಧೈರ್ಯವಾಗಲಿಲ್ಲ. ಅಪ್ಪ ಹೋದ ಮೇಲೆ, ಬಾರದ ಮಂತ್ರದ ಕೊರತೆಯನ್ನು ವಿಭೂತಿಯಿಂದ ತುಂಬಿಸಿದೆ. ಮುಚ್ಚಳದ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಉದುರಿ ಹೋಗದಿರಲೆಂದು ಎರಡು ಹನಿ ಎಣ್ಣೆ. ಬೆರಳಲ್ಲಿ ಉಳಿದ ವಿಭೂತಿ ನನ್ನ ಹಣೆಗೆ. ನೋಡಿದವರು ಕೈಮುಗಿದು ಹೋಗಬೇಕು, ಹಾಗೆ.

ಈ ಪೂಜೆಗೆ ಟ್ರ್ಯಾಕ್ಟರ್ ತೋರಿದ ಕೃತಜ್ಞತೆ ವಿಚಿತ್ರವಾಗಿತ್ತು. ಮನೆಯಿಂದ ಹೊರಟರೆ ಗುಡುಗುಡು ಎಂದು ಗತ್ತಿನಿಂದ ಹೋಗಿ ನಮ್ಮ ಹೊಲದ ಹುಣಸೆಮರದ ಹತ್ತಿರ ಉಸಿರು ಕಟ್ಟಿದವರ ಹಾಗೆ ಎರಡು ಸಲ ತೇಕಿ ನಿಂತುಬಿಡುತ್ತಿತ್ತು. ಆ ಮರದ ಕೆಳಗೇ ಅಪ್ಪನ ಸಮಾಧಿ. ನಾನು ಇಳಿದು, ಊದುಬತ್ತಿ ಹಚ್ಚಿ, ಅರ್ಧ ತಾಸು ಕೈಕಟ್ಟಿ ನಿಂತರೆ ಮತ್ತೆ ಚಾಲೂ ಆಗುತ್ತಿತ್ತು. “ಯಜಮಾನರ ಜೀವ ಅದರಾಗ ಐತ್ರಿ ಮೇಷ್ಟ್ರ” ಎಂದು ಊರವರು ಹೇಳಿದರು. ತರಗತಿಯಲ್ಲಿ ಮೂಢನಂಬಿಕೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಬಿಗಿಯುವ ನಾನು ಇಲ್ಲಿ ಮಾತ್ರ ತಲೆಯಾಡಿಸಿದೆ. ಹಾಗಂತ ಪ್ರಯತ್ನ ಬಿಡಲಿಲ್ಲ. ಕೂಡ್ಲಿಗಿಯ ಮೆಕ್ಯಾನಿಕ್ ಪಂಪು ಬಿಚ್ಚಿದ, ಹಡಗಲಿಯವನು ಪೈಪು ಬದಲಿಸಿದ. ಡೀಸೆಲ್ ಎಷ್ಟಿದೆ ನೋಡಲು ಮುಚ್ಚಳ ತೆಗೆದು ಹಾಕಿದರೆ ಸಾಕು, ಗಾಡಿ ಚಾಲೂ. ರಿಪೇರಿ ಆಯಿತೆಂದು ಅವರಿಗೆ ಖುಷಿ. ನಾನು ಆ ಖುಷಿಗೆ ಮುಚ್ಚಳದ ಮೇಲೆ ಇನ್ನೊಂದು ಪದರ ಕುಂಕುಮ ಮೆತ್ತುತ್ತಿದ್ದೆ, ಮರುದಿನ ಗಾಡಿ ಮತ್ತೆ ಹುಣಸೆಮರದ ಹತ್ತಿರ ನಿಲ್ಲುತ್ತಿತ್ತು.

ಹೀಗೇ ನಡೆಯುತ್ತಿತ್ತೇನೋ, ಚಿಗಟೇರಿಯಿಂದ ನೀಲಕ್ಕನ ಫೋನು ಬರದಿದ್ದರೆ. ನೀಲಕ್ಕ ನನ್ನ ಒಬ್ಬಳೇ ಅಕ್ಕ, ಚಿಗಟೇರಿ ಅವಳ ಗಂಡನ ಊರು. ಸೀಗಿ ಹುಣ್ಣಿಮೆ ಎಂದರೆ ಹಬ್ಬದಡುಗೆಯ ಮೊದಲ ತುತ್ತನ್ನು ಚರಗವೆಂದು ಹೊಲಕ್ಕೆ ಚೆಲ್ಲಿ ಅಲ್ಲೇ ಕೂತು ಉಣ್ಣುವ ಹಬ್ಬ. ಅಪ್ಪ ಇರುವ ತನಕ ಪ್ರತಿ ವರ್ಷ ಆ ಹಬ್ಬಕ್ಕೆ ಅವಳನ್ನು ಟ್ರ್ಯಾಕ್ಟರಿನಲ್ಲೇ ಕರೆತರುತ್ತಿದ್ದ. “ಲೇ ಕೊಟ್ರಾ, ಮೊಣಕಾಲು ಮಾತು ಕೇಳವಲ್ಲವು. ಮುಂದಿನ ವರ್ಷ ಆ ಗಾಡಿ ಹತ್ತಾಕ ಆಗ್ತೈತೋ ಇಲ್ಲೋ. ಈ ಸಲ ಅಪ್ಪನ ಟ್ರ್ಯಾಕ್ಟರ್ ತಂದ್ರ ಬರ್ತೀನಿ, ಇಲ್ಲಾಂದ್ರ ನಾ ಬರಲ್ಲ. ಅದನ್ನ ಗುಜರಿಗೆ ಹಾಕಿಬಿಡು” ಎಂದಳು. ಅವಳ ದನಿ ಸಿಟ್ಟಿನದಾಗಿರಲಿಲ್ಲ, ಅದಕ್ಕೇ ತಂದೇ ತರುತ್ತೇನೆ ಎಂದುಬಿಟ್ಟೆ. ಅಪ್ಪ ಸಲೀಸಾಗಿ ಮಾಡುತ್ತಿದ್ದ ಇದೊಂದು ಕೆಲಸವೂ ನನ್ನಿಂದಾಗದೇ?

ಆಯುಧಪೂಜೆಯಾದ ವಾರದೊಳಗೇ ಸೀಗಿ ಹುಣ್ಣಿಮೆ. ಚಿಗಟೇರಿ ಮುಟ್ಟಲೇಬೇಕೆಂದು ಆ ಸಲ ಆಯುಧಪೂಜೆ ಜೋರಾಗಿಯೇ ಮಾಡಿದೆ. ಗಂಧ, ಅರಿಶಿನ, ಬೆಲ್ಲದ ಪಾಕ ಎಲ್ಲವನ್ನೂ ಮುಚ್ಚಳದ ಮೇಲೆ ಬಳಿದೆ. ಹುಣ್ಣಿಮೆಯ ಬೆಳಿಗ್ಗೆ ಹೆಂಡತಿ ಗಿರಿಜಾಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೊರಟೆ. ಟ್ರ್ಯಾಕ್ಟರು ಹುಣಸೆಮರದ ತನಕವೂ ಹೋಗಲಿಲ್ಲ, ಅರ್ಧ ದಾರಿಗೇ ನಿಂತಿತು. ಅರ್ಧ ತಾಸು ಕಾದರೂ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಕೊಟ್ಟೂರಿನ ಮಸ್ತಾನ್ ಸಾಬರಿಗೆ ಫೋನ್ ಮಾಡಿದೆ. ಹಳೇ ಟ್ರ್ಯಾಕ್ಟರುಗಳ ನಾಡಿ ಬಲ್ಲವರು. ಪಾಪ, ಬೈಕ್ ಹತ್ತಿ ಬಂದರು. ನಾನು ಸಮಾಧಿಯ ಕಥೆಯನ್ನೆಲ್ಲ ಹೇಳಿದೆ.

ಸಾಬರು ಗಡ್ಡ ಸವರಿಕೊಂಡರು. “ವಾಪಸ್ ಬರುವಾಗ ಎಲ್ಲಿ ನಿಲ್ತಿತ್ರಿ?”

“ನಮ್ಮ ಮನಿ ಮುಂದ.” ಮನೆ ಬಂದ ಕೂಡಲೇ ತಾನಾಗಿಯೇ ನಿಲ್ಲುವ ಅದರ ಬುದ್ಧಿಯನ್ನು ನಾನು ಎಷ್ಟೋ ಸಲ ಮೆಚ್ಚಿಕೊಂಡಿದ್ದೆ.

“ಅಲ್ಲಿ ಯಾರ ಸಮಾಧಿ ಐತ್ರಿ?”

ಸಾಬರು ಇಕ್ಕಳ ಹಾಕಿ ಮುಚ್ಚಳ ತಿರುಗಿಸಿದರು. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಮುಚ್ಚಳವನ್ನು ಡೀಸೆಲಿನಲ್ಲಿ ತೊಳೆದು, ಪದರಪದರವಾಗಿ ನನ್ನ ಭಕ್ತಿಯನ್ನೆಲ್ಲ ಕೆರೆದು ತೆಗೆದಾಗ ನಡುವೆ ಒಂದು ಸಣ್ಣ ತೂತು ಕಂಡಿತು. ಅದರಲ್ಲಿ ತಂತಿ ಆಡಿಸುತ್ತ, “ಗಾಳಿ ಒಳಗ ಹೋಗದಿದ್ರ ಡೀಸೆಲ್ ಕೆಳಗ ಹೆಂಗ ಇಳೀಬೇಕ್ರಿ ಮೇಷ್ಟ್ರ? ಅರ್ಧ ತಾಸು ನಿಂತ್ರ ಸಂದ್ಯಾಗ ಇಷ್ಟಿಷ್ಟ ಗಾಳಿ ಹೋಗ್ತಿತ್ತು, ಈ ಸಲ ಅದೂ ಬಂದ್. ನೀವು ಅದರ ಮೂಗು ಮುಚ್ಚಿ ಓಡು ಅಂದೀರಿ” ಎಂದರು. ಗಿರಿಜಾ ಅಷ್ಟಕ್ಕೇ ಬಿಡಲಿಲ್ಲ. “ಎಣ್ಣಿ ಡಬ್ಬಿಗೆ ಎರಡು ತೂತು ಹೊಡೀಬೇಕಂತ ನನಗೇ ಗೊತ್ತೈತಿ. ಸಾಲ್ಯಾಗ ನೀವು ಹುಡುಗ್ರಿಗೆ ಏನು ಕಲಸ್ತೀರಿ?” ಎಂದಳು. ವಾಯುವಿನ ಒತ್ತಡವನ್ನೇ ಕಲಿಸುತ್ತೇನೆ. ಮೊನ್ನೆಯಷ್ಟೇ ಆ ಪಾಠ ಮುಗಿಸಿದ್ದೆ.

ಟ್ರ್ಯಾಕ್ಟರು ಹುಣಸೆಮರವನ್ನು ದಾಟಿತು. ಅಪ್ಪ ತಡೆಯಲಿಲ್ಲ. ಚಿಗಟೇರಿಯಲ್ಲಿ ಸಪ್ಪಳ ಕೇಳಿಯೇ ನೀಲಕ್ಕ ಅಂಗಳಕ್ಕೆ ಬಂದಿದ್ದಳು. ಹತ್ತುವ ಮೊದಲು ಬಾನೆಟ್ಟಿನ ಹತ್ತಿರ ಹೋಗಿ ಸೆರಗಿನಿಂದ ಮುಚ್ಚಳ ಒರೆಸಿ, ಬಾಗಿ, ಉಫ್ ಎಂದು ಊದಿದಳು. ನಾನು ದಂಗಾದೆ.

“ಅಕ್ಕಾ, ನಿನಗೂ ಆ ಮಂತ್ರ ಬರ್ತೈತೇನು?”

“ಯಾ ಮಂತ್ರನೋ! ತೂತಿನ್ಯಾಗ ಧೂಳಿ ಕುಂದರಬಾರದಂತ ಅಪ್ಪ ಊದ್ತಿದ್ದ. ನಾ ಕೇಳಿದ್ದೆ, ಹೇಳಿದ್ದ. ನೀ ಕೇಳಲೇ ಇಲ್ಲ, ದೂರ ನಿಂತು ಕೈಮುಗೀತಿದ್ದಿ.”

ಆ ಮಾತು ದಾರಿಯುದ್ದಕ್ಕೂ ನನ್ನನ್ನು ಚುಚ್ಚಿತು. ಕೇಳಿದ್ದರೆ ಅಪ್ಪ ಹೇಳುತ್ತಿದ್ದ. ಹತ್ತಿರ ಕರೆದು ತೋರಿಸುತ್ತಲೂ ಇದ್ದನೇನೋ. ಮಡ್‌ಗಾರ್ಡ್ ಮೇಲೆ ಕೂತ ಅಕ್ಕ ಮಾತ್ರ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು.

ಹೊಲದಲ್ಲಿ ಚರಗ ಚೆಲ್ಲಿ, ಹುಣಸೆಮರದ ನೆರಳಲ್ಲಿ ಊಟಕ್ಕೆ ಕೂತೆವು. ಹೋಳಿಗೆ, ಪುಂಡಿಪಲ್ಯ, ರೊಟ್ಟಿ. ನಾನು ರೂಢಿಯಂತೆ ಕಣ್ಣು ಮುಚ್ಚಿದೆ.

“ಯಾಕಲೇ, ಕಣ್ಣು ಯಾಕ ಮುಚ್ಚಿದಿ?” ಅಕ್ಕನ ದನಿ.

“ಅಪ್ಪ ಮುಚ್ತಿದ್ದನಲ್ಲ, ಊಟಕ್ಕ ಮುಂಚೆ.”

“ಅಪ್ಪ ಒಲಿ ಮುಂದ ಉಣ್ಣಾಕ ಕುಂದರತಿದ್ದ, ಹೊಗಿಗೆ ಕಣ್ಣು ಉರೀತಿದ್ದವು. ಈ ಬಯಲಾಗ ನಿನಗ ಯಾ ಹೊಗಿ ಬಂತೋ?”

ಕಣ್ಣು ತೆರೆದರೆ ಇಬ್ಬರ ಮುಖವನ್ನೂ ನೋಡಬೇಕಲ್ಲ ಎಂದು ಹಾಗೇ ಮುಚ್ಚಿಕೊಂಡು ಕೂತೆ. ಬಡಿಸುತ್ತಿದ್ದ ಗಿರಿಜಾ ಹತ್ತಿರ ಬಂದು ಬಾಗಿದ್ದು ಬಳೆಯ ಸಪ್ಪಳದಿಂದ ತಿಳಿಯಿತು. ನನ್ನ ಹಣೆಯ ಮೇಲೆ ಉಫ್ ಎಂದು ಊದಿದಳು.

“ಹೂಂ, ಈಗ ಚಾಲೂ ಆಗ್ರಿ.”

ವಿಭೂತಿಯ ಪುಡಿ ಹೋಳಿಗೆಯ ಮೇಲೆ ಉದುರಿತು. ನಾನು ಕಣ್ಣು ಬಿಟ್ಟು ಊಟ ಶುರು ಮಾಡಿದೆ.