ಮೇಜಿನ ಹೊದಿಕೆಯನ್ನು ಕಂಬಕ್ಕೇರಿಸಿದ ಬಗ್ಗೆ

ಸಂಖ್ಯೆ: ಗಾ.ನೀ.ಮೋ./ಬಾವುಟ/ತುರ್ತು (ನಿಧಾನ)
ದಿನಾಂಕ: ಅಧಿಕಾರಿಗಳ ಬಟ್ಟೆ ಒಣಗಿದ ಮರುದಿನ

ವಿಷಯ: ಅನುಮತಿಯಿಲ್ಲದೆ ಆಕಾಶ ನೋಡಿ ಹವಾಮಾನ ತಿಳಿದುಕೊಳ್ಳುವುದನ್ನು ನಿಯಂತ್ರಿಸುವ ಕುರಿತು.
ಉಲ್ಲೇಖ: ಬಂದರಿನಲ್ಲಿ ನಡೆದ ಕೂಗಾಟ.

ಬಂದರಿನ ಕಂಬಕ್ಕೇರಿಸಬೇಕಾದ ಕೆಂಪು ಅಪಾಯದ ಬಾವುಟವು ಅಧಿಕಾರಿಗಳ ಮೇಜಿಗೆ ಅಳತೆ ತೆಗೆದು ಹೊಲಿಸಿದಂತಿದ್ದುದರಿಂದ, ಅದನ್ನು ಹೊದಿಕೆಯಾಗಿ ಹಾಸಿ, ಮೇಲೆ ಗಾಜಿರಿಸಿ ಸಂರಕ್ಷಿಸಲಾಗಿತ್ತು. ಹೀಗಿರಲು, ಅಧಿಕಾರಿಗಳು ಸಮುದ್ರ ತಪಾಸಣೆಗೆ ತೆರಳಿದ್ದ ವೇಳೆ, ಬಲೆ ಹೆಣೆಯುವ, ಬಂದರಿಗೆಲ್ಲ 'ಅತ್ತಿಗೆ' ಎನಿಸಿಕೊಂಡಿರುವ ಮಹಿಳೆಯು, ಗಾಳಿ ಏಕಾಏಕಿ ನಿಂತುಹೋದದ್ದನ್ನೂ, ಗಾಳಿಯಿಲ್ಲದೆಯೂ ಉದ್ದುದ್ದ ಅಲೆಗಳು ಬರುತ್ತಿದ್ದುದನ್ನೂ, ಹಕ್ಕಿಗಳು ದಡಕ್ಕೆ ಮರಳುತ್ತಿದ್ದುದನ್ನೂ, ದೂರದಲ್ಲಿ ಮೋಡ ಕಪ್ಪಗಟ್ಟುತ್ತಿದ್ದುದನ್ನೂ ಲಿಖಿತ ಅನುಮತಿಯಿಲ್ಲದೆ ಗಮನಿಸಿರುತ್ತಾರೆ. ತಪಾಸಣಾ ದೋಣಿಯ ಚಾಲಕನು ಸದರಿಯವರ ಗಂಡನಾಗಿರುವುದೇ ಈ ಆತುರಕ್ಕೆ ಕಾರಣವೆಂದು ಕಂಡುಬಂದಿದೆ.

ಸದರಿಯವರು ಕಚೇರಿಗೆ ನುಗ್ಗಿ, "ಗಂಡ ನೀರಿನ ಮೇಲಿದಾನೆ, ಬಾವುಟ ಮೇಜಿನ ಮೇಲಿದೆ! ಇಲ್ಲೇನು ನಿಮ್ಮ ಟೀ ಲೋಟ ಮುಳುಗುತ್ತೇನ್ರಪ್ಪಾ?" ಎಂದು ಗುಮಾಸ್ತರನ್ನು ಕೇಳಿ, ಉತ್ತರಕ್ಕೂ ಕಾಯದೆ ಗಾಜು ಸರಿಸಿ, ಬಾವುಟವನ್ನೆಳೆದು ಕಂಬಕ್ಕೇರಿಸಿರುತ್ತಾರೆ. ಅದನ್ನು ಕಂಡ ಚಾಲಕನು ದೋಣಿ ತಿರುಗಿಸಿದ್ದು, "ಮುಂದೆ ನಡಿ" ಎಂಬ ಮೌಖಿಕ ಆದೇಶಕ್ಕೆ, "ಸಾಹೇಬ್ರೇ, ಸಿಟ್ಟೆಲ್ಲ ದಡಕ್ಕೆ ಹೋಗಿ ಮಾಡ್ಕೊಳ್ಳಿ, ಈಗ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಿರುತ್ತಾನೆ. ದೋಣಿ ದಡ ಸೇರುವಷ್ಟರಲ್ಲಿ ಬಿರುಗಾಳಿಯೂ ಬಂದು ಸೇರಿರುತ್ತದೆ. ಅಧಿಕಾರಿಗಳು ಹಿಡಿದುಕೊಂಡದ್ದು ಚಾಲಕನ ಕುತ್ತಿಗೆಯನ್ನು ಎಂಬ ವದಂತಿಯನ್ನು ಅಲ್ಲಗಳೆಯಲಾಗಿದೆ.

ಆದ್ದರಿಂದ ಈ ಮೂಲಕ ಸಂಬಂಧಪಟ್ಟವರಿಗೂ ಪಡದವರಿಗೂ ಸೂಚಿಸಲಾಗಿದೆ:

೧. ಮೋಡಗಳನ್ನು ಕಚೇರಿಯ ಕಿಟಕಿಯಿಂದ ಮಾತ್ರ ನೋಡತಕ್ಕದ್ದು. ಕಿಟಕಿಯು ರಸ್ತೆಯ ಕಡೆಗಿರುವುದರಿಂದ, ರಸ್ತೆಯ ಮೇಲಿನ ಮೋಡಗಳನ್ನೇ ಸಮುದ್ರದ ಮೋಡಗಳೆಂದು ಪರಿಗಣಿಸತಕ್ಕದ್ದು.

೨. ಗಾಳಿಯು ದಿಕ್ಕು ಬದಲಿಸುವ ಮುನ್ನ ಹಿಂದಿನ ದಿಕ್ಕಿನಿಂದ ಬಿಡುಗಡೆ ಪತ್ರ ಪಡೆದಿರಬೇಕು.

೩. ಅಪಾಯದ ಬಾವುಟ ಬೇಕಾದವರು ಅಪಾಯ ಮುಗಿದ ಕೂಡಲೇ ಅರ್ಜಿ ಸಲ್ಲಿಸಬಹುದು.

೪. ಎರಡಕ್ಕಿಂತ ಹೆಚ್ಚು ಹಕ್ಕಿಗಳು ಒಟ್ಟಾಗಿ ದಡಕ್ಕೆ ಮರಳಿದಲ್ಲಿ ಮುಷ್ಕರವೆಂದು ಭಾವಿಸಲಾಗುವುದು. ಹಕ್ಕಿಗಳ ಬೇಡಿಕೆಗಳನ್ನು ಪರಿಶೀಲಿಸಲು ಸಮಿತಿ ರಚಿಸಲಾಗುವುದು, ಸಮಿತಿಯಲ್ಲಿ ಹಕ್ಕಿಗಳಿರುವುದಿಲ್ಲ.

೫. ಬಾವುಟ ಕಂಡು ಮರಳಿದ ಇತರ ದೋಣಿಗಳವರು, ತಾವು ಮುಳುಗದೆ ಇದ್ದುದಕ್ಕೆ ವಿವರಣೆ ನೀಡತಕ್ಕದ್ದು.

೬. ಚಾಲಕನನ್ನು ಅಮಾನತುಗೊಳಿಸಲಾಗಿದೆ. ಆದರೆ ಮುಂದಿನ ತಪಾಸಣೆಗೆ ಬೇರೆ ಯಾವ ಚಾಲಕನೂ ಒಪ್ಪದೆ, "ಅಣ್ಣ ಚುಕ್ಕಾಣಿ ಹಿಡೀಲಿ, ಅತ್ತಿಗೆ ಕಂಬದ ಹತ್ರ ಇರ್ಲಿ, ಆಮೇಲೆ ಮಾತು" ಎಂದು ಬಂದರಿನಲ್ಲಿ ಎಲ್ಲರೂ ಕಾಲು ಚಾಚಿ ಕುಳಿತಿರುವುದರಿಂದಲೂ, ಅಧಿಕಾರಿಗಳು ಖಾಸಗಿಯಾಗಿ ಅದನ್ನೇ ಬಯಸಿರುವುದರಿಂದಲೂ, ಸದರಿ ಅಮಾನತು ನೆಲದ ಮೇಲೆ ಮಾತ್ರ ಜಾರಿಯಲ್ಲಿರತಕ್ಕದ್ದು. ಚಾಲಕನು ದೋಣಿಗೆ ಕಾಲಿಟ್ಟ ಕ್ಷಣವೇ ಅದು ರದ್ದಾಗತಕ್ಕದ್ದು. ಸಂಬಳವನ್ನು ದೋಣಿಯೊಳಗೇ ಕೊಡತಕ್ಕದ್ದು.

ಸಹಿ/- (ಕೈ ಇನ್ನೂ ಮೇಜಿನ ಅಂಚನ್ನು ಬಿಡದಿರುವುದರಿಂದ ಅಸ್ಪಷ್ಟ)
ಅಧಿಕಾರಿ, ಗಾಳಿ-ನೀರು-ಮೋಡ ವಿಭಾಗ

ಪ್ರತಿಗಳು:
ಚಾಲಕರಿಗೆ, ನೆಲದ ಮೇಲೆ ಸಿಕ್ಕಲ್ಲಿ ಮಾತ್ರ.
ಹಕ್ಕಿಗಳಿಗೆ, ಬಂದರಿನ ಗೋಡೆಗೆ ಅಂಟಿಸುವ ಮೂಲಕ.
ಅತ್ತಿಗೆಯವರಿಗೆ, ಬಾವುಟವನ್ನು ಮುಂದಿನ ಆದೇಶದವರೆಗೆ ತಮ್ಮ ಬಳಿಯೇ ಇರಿಸಿಕೊಳ್ಳಲು. ಮುಂದಿನ ಆದೇಶವನ್ನು ಹೊರಡಿಸಲಾಗುವುದಿಲ್ಲ.